ಪರಿಮಿತ ವಿವೇಕ: ಹರ್ಬರ್ಟ್ ಸೈಮನ್ನರ ಸಿದ್ಧಾಂತವೂ ಕಂಪಲಾಪುರದ ಹೊಗೆಸೊಪ್ಪಿನ ಹರಾಜೂ

ಮನುಷ್ಯನು ತನ್ನ ಮುಂದಿರುವ ಹಲವು ದಾರಿಗಳಲ್ಲಿ ಒಂದನ್ನು ಹೇಗೆ ಆರಿಸಿಕೊಳ್ಳುತ್ತಾನೆ ಎಂಬ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞರು ತಮ್ಮದೆಂದು ಭಾವಿಸಿ ಬಹುಕಾಲವಾಯಿತು. ಚರಿತ್ರೆಯನ್ನು ಬೋಧಿಸುವ ನಾವು ಆ ಪ್ರಶ್ನೆಯನ್ನು ನೇರವಾಗಿ ಕೇಳುವುದು ಕಡಮೆ. ಆದರೆ ಅದಕ್ಕೆ ಉತ್ತರವನ್ನು ಮಾತ್ರ ದಿನವೂ ಹೇಳುತ್ತಲೇ ಇರುತ್ತೇವೆ. ಇಂಥ ದೊರೆ ಇಂಥ ಯುದ್ಧಕ್ಕೆ ಹೊರಟುದು ಅವಿವೇಕವೆಂದೂ, ಇಂಥ ದಿವಾನರ ತೀರ್ಮಾನ ದೂರದೃಷ್ಟಿಯದೆಂದೂ, ರೈತರು ಹೊಸ ಬೆಳೆಯನ್ನು ಒಪ್ಪದೆ ಹಳೆಯದಕ್ಕೇ ಅಂಟಿಕೊಂಡುದು ಜಡತೆಯೆಂದೂ ತರಗತಿಯಲ್ಲಿ ಹೇಳುವಾಗ ವಿವೇಕವನ್ನು ಅಳೆಯುವ ಒಂದು ಕೋಲು ನಮ್ಮ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಆ ಅಳತೆಗೋಲು ಎಲ್ಲಿಂದ ಬಂದಿತು, ಅದು ನೆಟ್ಟಗಿದೆಯೆ ಎಂದು ವಿಚಾರಿಸಿಕೊಳ್ಳುವುದಕ್ಕೆ ಅಮೆರಿಕದ ಪ್ರಾಧ್ಯಾಪಕ ಹರ್ಬರ್ಟ್ ಸೈಮನ್ನರ ಸಂಶೋಧನೆ ತಕ್ಕ ಆಧಾರವಾಗಬಲ್ಲುದು. ಅದನ್ನು ತಿಳಿಯುವುದಕ್ಕೆ ಪಿಟ್ಸ್‌ಬರ್ಗಿನವರೆಗೆ ಹೋಗಬೇಕಾಗಿಲ್ಲ. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ಹೆದ್ದಾರಿಯಲ್ಲಿ ಕಂಪಲಾಪುರದಲ್ಲಿ ಇಳಿದು, ಅಲ್ಲಿನ ತಂಬಾಕು ಹರಾಜು ಮಾರುಕಟ್ಟೆಯಲ್ಲಿ ಒಂದು ಬೆಳಗ್ಗೆ ನಿಂತರೆ ಸಾಕು.

ಹಳೆಯ ಅರ್ಥಶಾಸ್ತ್ರ ಒಬ್ಬ 'ಆರ್ಥಿಕ ಮಾನವ'ನನ್ನು ಕಲ್ಪಿಸಿಕೊಂಡಿತು. ಈತನಿಗೆ ತನ್ನ ಮುಂದಿರುವ ಮಾರ್ಗಗಳೆಲ್ಲವೂ ಗೊತ್ತು. ಒಂದೊಂದು ಮಾರ್ಗದ ಕೊನೆಯಲ್ಲಿ ದೊರೆಯುವ ಫಲವೂ, ಅದು ದೊರೆಯುವ ಸಂಭವವೂ ಗೊತ್ತು. ಯಾವ ಫಲ ಯಾವುದಕ್ಕಿಂತ ಮೇಲು ಎಂಬುದರಲ್ಲಿ ಈತನಿಗೆ ಎಂದಿಗೂ ತಡವರಿಕೆಯಿಲ್ಲ. ಇಷ್ಟೆಲ್ಲವನ್ನೂ ಲೆಕ್ಕಹಾಕಿ ಅತ್ಯಂತ ಹೆಚ್ಚು ಲಾಭ ತರುವುದನ್ನೇ ಆರಿಸಿಕೊಳ್ಳುತ್ತಾನೆ. 1944ರಲ್ಲಿ ಫಾನ್ ನಾಯ್‌ಮನ್ ಮತ್ತು ಮಾರ್ಗೆನ್‌ಸ್ಟರ್ನ್ ಎಂಬ ವಿದ್ವಾಂಸರು ಈ ಕಲ್ಪನೆಗೆ ಗಣಿತದ ಭದ್ರವಾದ ಚೌಕಟ್ಟನ್ನು ಕಟ್ಟಿಕೊಟ್ಟರು. ಇಂಥ ಮನುಷ್ಯ ಎಲ್ಲಿಯೂ ಇಲ್ಲವೆಂಬುದು ಅದನ್ನು ಕಟ್ಟಿದವರಿಗೆ ತಿಳಿಯದ ಸಂಗತಿಯಾಗಿರಲಿಲ್ಲ. ಇದ್ದಾನೆಂದು ಭಾವಿಸಿಕೊಂಡರೆ ಮಾರುಕಟ್ಟೆಯ ನಡೆಯನ್ನು ಹೇಳಬಹುದು ಎಂಬುದು ಅವರ ಸಮಾಧಾನ. ಈ ಸಮಾಧಾನವನ್ನು ಒಪ್ಪದವರು ಸೈಮನ್.

ಹರ್ಬರ್ಟ್ ಸೈಮನ್ 1916ರ ಜೂನ್ 15ರಂದು ಅಮೆರಿಕದ ಮಿಲ್ವಾಕಿ ನಗರದಲ್ಲಿ ಜನಿಸಿದರು. ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಅವರು ಓದಿದುದು ರಾಜ್ಯಶಾಸ್ತ್ರ. ವಿದ್ಯಾರ್ಥಿಯಾಗಿದ್ದಾಗಲೇ, 1935ರಲ್ಲಿ, ತಮ್ಮ ಊರಿನ ಮಕ್ಕಳ ಆಟದ ಬಯಲುಗಳ ಆಡಳಿತವನ್ನು ಕುರಿತು ಒಂದು ಸಣ್ಣ ಅಧ್ಯಯನ ನಡೆಸಿದರು. ಬಯಲುಗಳ ದುರಸ್ತಿ ಒಂದು ಇಲಾಖೆಯದು. ಮಕ್ಕಳನ್ನು ಆಡಿಸುವ ಮೇಲ್ವಿಚಾರಕರು ಇನ್ನೊಂದು ಇಲಾಖೆಯವರು. ಹಣ ಇಬ್ಬರಿಗೂ ಹಂಚಿಕೆಯಾಗಬೇಕು. ಪಠ್ಯಪುಸ್ತಕದಲ್ಲಿ ಓದಿದ್ದಂತೆ, ಕೊನೆಯ ಒಂದು ಡಾಲರು ಎಲ್ಲಿ ಹೆಚ್ಚು ಪ್ರಯೋಜನ ಕೊಡುವುದೋ ಅಲ್ಲಿಗೆ ಹೋಗುವಂತೆ ಅಧಿಕಾರಿಗಳು ಲೆಕ್ಕಹಾಕುತ್ತಾರೆಂದು ತರುಣ ಸೈಮನ್ ನಿರೀಕ್ಷಿಸಿದ್ದರು. ಅಂಥ ಲೆಕ್ಕವನ್ನು ಯಾರೂ ಹಾಕುತ್ತಿರಲಿಲ್ಲ. ದುರಸ್ತಿಯವರಿಗೆ ಬೇಲಿ, ಹುಲ್ಲು, ನೆಲ ಇವೇ ಕಾಣುತ್ತಿದ್ದವು, ಆಡಿಸುವವರಿಗೆ ಮಕ್ಕಳು. ಒಬ್ಬೊಬ್ಬರೂ ತಮ್ಮ ಇಲಾಖೆಯ ಕಿಟಕಿಯಿಂದ ಕಂಡಷ್ಟು ಜಗತ್ತನ್ನು ನೋಡಿ, ಹಿಂದಿನ ವರ್ಷದ ಮೊತ್ತವನ್ನು ಆಧಾರವಾಗಿಟ್ಟುಕೊಂಡು ಪಟ್ಟುಹಿಡಿಯುತ್ತಿದ್ದರು. ಇವರು ಮೂರ್ಖರಲ್ಲ, ಸೋಮಾರಿಗಳೂ ಅಲ್ಲ. ಆದರೂ ಪುಸ್ತಕದ ಮನುಷ್ಯರಾಗಿರಲಿಲ್ಲ. ತಮ್ಮ ಜೀವಮಾನದ ಪ್ರಶ್ನೆ ಆ ಬಯಲಿನಲ್ಲಿ ಹುಟ್ಟಿತೆಂದು ಸೈಮನ್ ಮುಂದೆ ಅನೇಕ ಬಾರಿ ನೆನೆದಿದ್ದಾರೆ. 1947ರಲ್ಲಿ ಆಡಳಿತದ ವರ್ತನೆಯನ್ನು ಕುರಿತ ಅವರ ಗ್ರಂಥ ಪ್ರಕಟವಾಯಿತು. 1949ರಿಂದ, 2001ರಲ್ಲಿ ತೀರಿಕೊಳ್ಳುವವರೆಗೆ, ಅವರು ಪಿಟ್ಸ್‌ಬರ್ಗಿನ ಕಾರ್ನೆಗಿ ಸಂಸ್ಥೆಯಲ್ಲಿದ್ದು ಮನಶ್ಶಾಸ್ತ್ರ, ಗಣಕಯಂತ್ರಶಾಸ್ತ್ರಗಳಲ್ಲಿಯೂ ಹೆಸರು ಪಡೆದರು. 1978ರ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು.

ಅವರ ವಾದದ ತಿರುಳನ್ನು ತಿಳಿಯಲು ಅವರಿಗೇ ಪ್ರಿಯವಾಗಿದ್ದ ಚದುರಂಗದ ನಿದರ್ಶನ ಒಳ್ಳೆಯದು. ಈಗಿನ ಚದುರಂಗದಲ್ಲಿ ಬಿಳಿಯವನ ಮೊದಲ ನಡೆಗೆ 20 ದಾರಿಗಳು. ಕರಿಯವನ ಉತ್ತರವೂ ಸೇರಿದರೆ 400. ಮತ್ತೊಂದು ನಡೆಗೆ 8,902. ಇಬ್ಬರೂ ಎರಡೆರಡು ಸಲ ನಡೆಸುವಷ್ಟರಲ್ಲಿ 1,97,281. ಮಣೆ, ಕಾಯಿಗಳು, ನಿಯಮಗಳು ಎಲ್ಲವೂ ಕಣ್ಣೆದುರಿನಲ್ಲಿವೆ. ಮುಚ್ಚುಮರೆಯಿಲ್ಲ, ಅದೃಷ್ಟದ ಪಾತ್ರವಿಲ್ಲ. ಹೀಗಿದ್ದೂ ಎಲ್ಲ ದಾರಿಗಳನ್ನೂ ಕೊನೆಯವರೆಗೆ ನೋಡಿ ಆರಿಸುವುದು ಯಾವ ಮನುಷ್ಯನಿಂದಲೂ ಆಗದು. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯು ಮಣೆಯ ಅರುವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿಬರುವ ಬಂಧಗಳನ್ನು ರಚಿಸಿ ಪ್ರಸಿದ್ಧರಾದವರಷ್ಟೆ. ಅವರಾಗಲಿ ಇತರರಾಗಲಿ ಅಂಥ ಬಂಧವನ್ನು ಎಲ್ಲ ದಾರಿಗಳನ್ನೂ ಹುಡುಕಿ ಕಂಡುಹಿಡಿಯುವುದು ಸಾಧ್ಯವಿಲ್ಲ. ದಾರಿಗಳನ್ನು ಬೇಗ ಕಡಮೆಮಾಡುವ ಯುಕ್ತಿಯೊಂದು ಕೈಯಲ್ಲಿರಬೇಕು. ಸೈಮನ್ ಕೇಳಿದುದು ಇಷ್ಟೇ: ಚದುರಂಗದಲ್ಲಿಯೇ ಹೀಗಾದರೆ, ಮಣೆಯೇ ಅರ್ಧ ಕಾಣದಿರುವ ಸಂಸಾರದಲ್ಲಿ ಹೇಗೆ? ತಿಳಿವಳಿಕೆ ಅಪೂರ್ಣ, ಲೆಕ್ಕಹಾಕುವ ಶಕ್ತಿ ಅಲ್ಪ, ಕಾಲವೋ ಕಾಯುವುದಿಲ್ಲ. ಈ ಎಲ್ಲೆಗಳೊಳಗೆ ನಡೆಯುವ ವಿವೇಕವನ್ನು ಅವರು 'ಬೌಂಡೆಡ್ ರ್ಯಾಷನಾಲಿಟಿ' ಎಂದು ಕರೆದರು. ನಾವು ಇದನ್ನು 'ಪರಿಮಿತ ವಿವೇಕ' ಎನ್ನೋಣ. ಅವಿವೇಕವೆಂಬ ಅರ್ಥ ಇದಕ್ಕಿಲ್ಲವೆಂಬುದನ್ನು ವಿದ್ಯಾರ್ಥಿಗಳು ಮೊದಲೇ ಮನಗಾಣಬೇಕು. ಎಲ್ಲೆ ಹಾಕಿರುವುದು ವಿವೇಕಕ್ಕೆ; ಎಲ್ಲೆಯ ಒಳಗೆ ಇರುವುದೂ ವಿವೇಕವೇ.

1955ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ಸೈಮನ್ ಈ ವಿವೇಕ ಕೆಲಸಮಾಡುವ ಬಗೆಯನ್ನು ತೋರಿಸಿದರು. ಮನುಷ್ಯನು ಅತ್ಯುತ್ತಮವಾದುದನ್ನು ಹುಡುಕುವುದಿಲ್ಲ. ಇಷ್ಟು ಸಿಕ್ಕಿದರೆ ಒಪ್ಪಬಹುದು ಎಂಬ ಒಂದು ಮಟ್ಟವನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ದಾರಿಗಳನ್ನು ಒಂದಾದ ಮೇಲೊಂದರಂತೆ ನೋಡುತ್ತಾ ಹೋಗಿ, ಆ ಮಟ್ಟವನ್ನು ಮುಟ್ಟುವ ಮೊದಲನೆಯದು ಸಿಕ್ಕಿದೊಡನೆ ಹುಡುಕುವುದನ್ನು ನಿಲ್ಲಿಸುತ್ತಾನೆ. ಸುಲಭವಾಗಿ ಸಿಕ್ಕುತ್ತಿದ್ದರೆ ಮಟ್ಟ ಮೇಲಕ್ಕೇರುತ್ತದೆ. ಎಷ್ಟು ಹುಡುಕಿದರೂ ಸಿಕ್ಕದಿದ್ದರೆ ಇಳಿಯುತ್ತದೆ. ಈ ನಡೆಗೆ ಅವರು ತೃಪ್ತಿ, ಪರ್ಯಾಪ್ತಿ ಎರಡರ ಛಾಯೆಯೂ ಇರುವ 'ಸ್ಯಾಟಿಸ್‌ಫೈಸ್' ಎಂಬ ಮಾತನ್ನು ಬಳಕೆಗೆ ತಂದರು. ಇಂಗ್ಲಿಷಿನವರಿಗೆ ಅದು ವಿಚಿತ್ರವಾಗಿ ಕೇಳಿಸಿತು. ಕನ್ನಡದಲ್ಲಿ ಆ ತೊಂದರೆಯಿಲ್ಲ. ನಮ್ಮ 'ಸಾಕು' ಎಂಬ ಎರಡಕ್ಷರದಲ್ಲಿ ಸಾಲುವುದೂ ತಣಿಯುವುದೂ ಕೂಡಿಯೇ ಇವೆ. ಬೇಸರವೂ ಸ್ವಲ್ಪ ಇದೆ, ಅದೂ ಈ ಸಿದ್ಧಾಂತಕ್ಕೆ ಹೊರಗಾದುದಲ್ಲ.

ಅದೇ ಪ್ರಬಂಧದಲ್ಲಿ ಮನೆ ಮಾರುವವನೊಬ್ಬನ ಉದಾಹರಣೆಯಿದೆ. ಅವನು ದಿನದಿನವೂ ತಾನು ಒಪ್ಪುವ ಕನಿಷ್ಠ ಬೆಲೆಯೊಂದನ್ನು ನಿಶ್ಚಯಿಸಿಕೊಳ್ಳುತ್ತಾನೆ. ಅದಕ್ಕಿಂತ ಮೇಲೆ ಕೇಳಿದವರು ಬಂದರೆ ಮಾರುತ್ತಾನೆ. ಬಾರದಿದ್ದರೆ ಮನೆಯನ್ನು ಉಳಿಸಿಕೊಂಡು ಮಾರನೆಯ ದಿನಕ್ಕೆ ಹೊಸ ಬೆಲೆಯೊಂದನ್ನು ನಿಶ್ಚಯಿಸುತ್ತಾನೆ. ಮುಂದಿನ ದಿನಗಳಲ್ಲಿ ಎಂಥ ಬೆಲೆಗಳು ಎಷ್ಟು ಸಂಭವದಿಂದ ಬರುತ್ತವೆಂದು ಅವನಿಗೆ ತಿಳಿದಿದ್ದರೆ, ಸರಿಯಾದ ಕನಿಷ್ಠ ಬೆಲೆಯನ್ನು ಗಣಿತದಿಂದ ಕಂಡುಹಿಡಿಯಬಹುದು. ಅದು ಅವನಿಗೆ ತಿಳಿಯದು. ಆದುದರಿಂದ ಮೊದಲು ಕೊಂಚ ಎತ್ತರದ ಬೆಲೆಯಿಂದ ಆರಂಭಿಸಿ, ಬಂದ ಕೇಳಿಕೆಗಳನ್ನು ನೋಡುತ್ತಾ, ಏರಿಸಿಯೋ ಇಳಿಸಿಯೋ ನಡೆಯುತ್ತಾನೆ. ಈ ಪುಟವನ್ನು ಓದಿದಾಗ ನಮಗೆ ಮನೆ ಕಾಣಲಿಲ್ಲ; ಕಂಪಲಾಪುರದ ಹರಾಜು ಮಾರುಕಟ್ಟೆಯ ಗೋಣಿತಟ್ಟಿನ ಬೇಲುಗಳು ಕಂಡವು.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳು ಸಿಗರೇಟಿಗೆ ಬಳಸುವ ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. ಮುಂಗಾರಿನ ಮೊದಲ ಮಳೆಗಳಲ್ಲಿ ಸಸಿ ನೆಟ್ಟು, ಆಷಾಢದಿಂದ ಭಾದ್ರಪದದವರೆಗೆ ಬುಡದ ಎಲೆಯಿಂದ ತುದಿಯ ಎಲೆಯವರೆಗೆ ಹಣ್ಣಾದಂತೆಲ್ಲ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿನೊಳಗೆ ಸೌದೆಯ ಬಿಸಿಯಲ್ಲಿ ಹದಮಾಡುತ್ತಾರೆ. ಬ್ಯಾರನ್ ಉರಿಯುವಷ್ಟು ದಿನ ರಾತ್ರಿಯೂ ಒಬ್ಬರು ಎಚ್ಚರವಿರಬೇಕು. ಬಿಸಿ ಸ್ವಲ್ಪ ಹೆಚ್ಚುಕಡಮೆಯಾದರೆ ಬಣ್ಣ ಕೆಡುತ್ತದೆ. ಬಣ್ಣ ಕೆಟ್ಟರೆ ಬೆಲೆ ಕೆಡುತ್ತದೆ. 1975ರ ತಂಬಾಕು ಮಂಡಲಿ ಶಾಸನದ ಪ್ರಕಾರ ಬೆಳೆಗಾರನಿಗೆ ಪರವಾನಗಿ ಬೇಕು. ಅವನ ಬ್ಯಾರನ್ನೂ ನೋಂದಣಿಯಾಗಿರಬೇಕು. ಆ ವರ್ಷ ಎಷ್ಟು ಕಿಲೋ ಮಾರಬಹುದೆಂಬುದೂ ಗೊತ್ತಾಗಿರುತ್ತದೆ. ಹಿಂದೆ ಬೆಳೆಗಾರರು ಕಂಪನಿಗಳಿಗೂ ವರ್ತಕರಿಗೂ ನೇರವಾಗಿ ಮಾರುತ್ತಿದ್ದರು. ತೂಕ, ದರ್ಜೆ, ಹಣ ಬರುವ ದಿನ ಎಲ್ಲವೂ ಕೊಳ್ಳುವವನ ಕೈಯಲ್ಲಿದ್ದವು. 1984ರಲ್ಲಿ ಕರ್ನಾಟಕದಲ್ಲಿ ಮಂಡಲಿಯ ಹರಾಜು ಆರಂಭವಾದ ಮೇಲೆ ಈ ಸ್ಥಿತಿ ಬದಲಾಯಿತು. ಹರಾಜು ಮೊದಲು ಬಾಯಿಮಾತಿನದಾಗಿತ್ತು. ಈಚಿನ ವರ್ಷಗಳಲ್ಲಿ ಕೈಯಲ್ಲಿ ಹಿಡಿದ ಯಂತ್ರದ ಮೂಲಕ ನಡೆಯುತ್ತದೆ. ಸಾಲಾಗಿ ಇಟ್ಟ ಬೇಲುಗಳ ಮುಂದೆ ಕೊಳ್ಳುವವರು ಸಾಗುತ್ತಾರೆ. ಒಂದು ಬೇಲಿನ ಮುಂದೆ ಅವರು ನಿಲ್ಲುವ ಹೊತ್ತು ಬಹಳ ಸ್ವಲ್ಪ. ಬಿದ್ದ ಬೆಲೆ ಒಪ್ಪದಿದ್ದರೆ ಬೇಲನ್ನು ಮಾರದೆ ಹಿಂದಕ್ಕೆ ಪಡೆಯುವ ಹಕ್ಕು ಬೆಳೆಗಾರನಿಗೆ ಉಂಟು. ಒಂದು ವರ್ಷದ ದುಡಿಮೆಯ ಬಗ್ಗೆ ಅವನು ತೀರ್ಮಾನ ಮಾಡಬೇಕಾದುದು ಅಷ್ಟೇ ಹೊತ್ತಿನಲ್ಲಿ.

ಕಿಲೋ ಒಂದಕ್ಕೆ 220 ರೂಪಾಯಿ ಬಿದ್ದಿತೆಂದು ಇಟ್ಟುಕೊಳ್ಳೋಣ. ಆರ್ಥಿಕ ಮಾನವನಾಗಿದ್ದರೆ ಏನು ಮಾಡಬೇಕು? ಈ ಬೇಲನ್ನು ಹಿಂದಕ್ಕೆ ಒಯ್ದು ಮತ್ತೊಂದು ದಿನ ತಂದರೆ ಬರಬಹುದಾದ ಬೆಲೆ, ಗಾಡಿಯ ಬಾಡಿಗೆ, ಸೊಪ್ಪು ಮನೆಯಲ್ಲಿ ಕುಳಿತಾಗ ಕಳೆದುಕೊಳ್ಳುವ ಬಣ್ಣ ಮತ್ತು ತೂಕ, ಸಾಲದ ಬಡ್ಡಿ ಇವುಗಳನ್ನು ಕೂಡಿ ಕಳೆಯಬೇಕು. ಮುಂದಿನ ಬೆಲೆಯನ್ನು ಊಹಿಸಲು ಬ್ರೆಜಿಲಿನಲ್ಲಿಯೂ ಜಿಂಬಾಬ್ವೆಯಲ್ಲಿಯೂ ಈ ವರ್ಷ ಎಷ್ಟು ಬೆಳೆದಿದೆ, ಡಾಲರಿನ ದರ ಎತ್ತ ಹೋಗುತ್ತದೆ, ರಫ್ತಿನ ಕಂಪನಿಗಳಿಗೆ ಎಂಥ ಸೊಪ್ಪಿಗೆ ಬೇಡಿಕೆ ಬಂದಿದೆ ಎಂದು ತಿಳಿದಿರಬೇಕು. ಎದುರಿನ ಕಂಪನಿಯವರಿಗೆ ಇವುಗಳಲ್ಲಿ ಹೆಚ್ಚಿನವು ಗೊತ್ತಿರುತ್ತವೆ. ಬೆಳೆಗಾರನಿಗೆ ಗೊತ್ತಿರುವುದೇನು? ನಾವು ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದಾಗ ವಯಸ್ಸಾದ ಯಜಮಾನರೊಬ್ಬರನ್ನು ಇದನ್ನೇ ಕೇಳಿದೆವು. "ನಿನ್ನೆ ನಮ್ಮೂರೋರಿಗೆ ಎಷ್ಟು ಬಿತ್ತು ಅಂತ ಕೇಳ್ಕೊಂಡೇ ಬಂದಿರ್ತೀವಿ ಮೇಷ್ಟ್ರೇ. ಅದಕ್ಕಿಂತ ಐದು ರೂಪಾಯಿ ಕಮ್ಮಿ ಆದ್ರೂ ಕೊಟ್ಬಿಡ್ತೀವಿ. ಹತ್ತು ಕಮ್ಮಿ ಆದ್ರೆ ಮನಸ್ಸು ಒಪ್ಪಲ್ಲ" ಎಂದರು ಅವರು. ಹಾಗಾದರೆ ಹತ್ತು ಕಡಮೆಯಾದಾಗಲೆಲ್ಲ ಹಿಂದಕ್ಕೆ ಒಯ್ಯುವಿರಾ ಎಂದುದಕ್ಕೆ, "ಮೊದಮೊದಲು ಒಯ್ತೀವಿ. ಸಂಕ್ರಾಂತಿ ಕಳೀತು ಅಂದ್ರೆ ಅಷ್ಟು ಧೈರ್ಯ ಎಲ್ಲಿಂದ ಬರ್ಬೇಕು?" ಎಂದು ನಕ್ಕರು.

ಸೈಮನ್ನರ ಸಿದ್ಧಾಂತದ ಮುಖ್ಯ ಅಂಗಗಳೆಲ್ಲ ಈ ಎರಡು ಮಾತುಗಳಲ್ಲಿ ಇವೆಯೆಂಬುದು ನಮ್ಮ ಅಭಿಪ್ರಾಯ. ನೆರೆಯವನಿಗೆ ನಿನ್ನೆ ಬಿದ್ದ ಬೆಲೆ ಮಟ್ಟವನ್ನು ನಿಶ್ಚಯಿಸುತ್ತದೆ. ಐದು ರೂಪಾಯಿಯ ಸಡಿಲ ಇರುತ್ತದೆ. ಹಂಗಾಮು ಮುಗಿಯುತ್ತ ಬಂದಂತೆ ಮಟ್ಟ ಇಳಿಯುತ್ತದೆ. ಬ್ರೆಜಿಲಿನ ಬೆಳೆಯ ವರದಿ ಓದದೆಯೇ ಯಜಮಾನರು ಅದರ ಫಲವನ್ನು ಅಷ್ಟಿಷ್ಟು ಹಿಡಿದುಕೊಂಡಿದ್ದಾರೆ. ಏಕೆಂದರೆ ನೆರೆಯವನಿಗೆ ನಿನ್ನೆ ಬಿದ್ದ ಬೆಲೆಯೊಳಗೆ ಕಂಪನಿಯವರ ತಿಳಿವಳಿಕೆಯೂ ಸೇರಿಯೇ ಇದೆ. ಅಗ್ಗದಲ್ಲಿ ಸಿಕ್ಕುವ ಒಂದೇ ಒಂದು ಸಂಖ್ಯೆಯನ್ನು ಹಿಡಿದು ದುಬಾರಿಯಾದ ನೂರು ಸಂಗತಿಗಳನ್ನು ಬಿಟ್ಟುಬಿಡುವುದು ಇಲ್ಲಿಯ ಯುಕ್ತಿ. ಅದು ಮೋಸಹೋಗುವ ಸಂದರ್ಭಗಳೂ ಉಂಟು. ಎಲ್ಲರೂ ನೆರೆಯವನನ್ನೇ ನೋಡುತ್ತಿರುವಾಗ ಮೊದಲ ದಿನಗಳಲ್ಲಿ ಬೆಲೆ ತಗ್ಗಿಬಿದ್ದರೆ, ಆ ತಗ್ಗೇ ಎಲ್ಲರ ಮಟ್ಟವಾಗಿಬಿಡಬಹುದು. ಹರಾಜಿನ ಆರಂಭದ ದಿನಗಳಲ್ಲಿ ಬೆಳೆಗಾರರು ಗುಂಪುಗೂಡಿ ಬೆಲೆಯ ವಿಷಯದಲ್ಲಿ ಗದ್ದಲಮಾಡುವುದನ್ನು ಪತ್ರಿಕೆಗಳು ವರ್ಷವರ್ಷವೂ ವರದಿಮಾಡುತ್ತವಷ್ಟೆ. ಅದು ಬರಿಯ ಸಿಟ್ಟಲ್ಲ, ಮಟ್ಟವನ್ನು ಎತ್ತಿ ನಿಲ್ಲಿಸುವ ಪ್ರಯತ್ನವೂ ಹೌದು.

ಇದಕ್ಕಿಂತ ಕಠಿಣವಾದುದು ಬಿತ್ತನೆಗೆ ಮೊದಲಿನ ತೀರ್ಮಾನ. ಭಾರತವು 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣದ ಒಡಂಬಡಿಕೆಯನ್ನು ಅನುಮೋದಿಸಿತು. ತಂಬಾಕು ಬೆಳೆಯುವವರಿಗೆ ಬದಲಿ ಜೀವನೋಪಾಯಗಳನ್ನು ಒದಗಿಸಲು ನೆರವಾಗಬೇಕೆಂಬುದು ಅದರ ಒಂದು ವಿಧಿ. ಹೊಗೆಸೊಪ್ಪು ಆರೋಗ್ಯಕ್ಕೆ ಮಾರಕವೆಂಬುದರಲ್ಲಿ, ಬ್ಯಾರನ್ನುಗಳು ಸೌದೆಯನ್ನು ನುಂಗುತ್ತವೆಂಬುದರಲ್ಲಿ ಎರಡು ಮಾತಿಲ್ಲ. ಆದುದರಿಂದ ಎಕರೆಯೊಂದಕ್ಕೆ ಇಂಥ ಬೆಳೆಯಿಂದ ಇಷ್ಟು ನಿವ್ವಳ ಆದಾಯ, ಇಂಥದರಿಂದ ಇಷ್ಟು ಎಂದು ಕೋಷ್ಟಕ ಹಾಕಿ, ರೈತನು ಬದಲಾಯಿಸಿಕೊಳ್ಳದಿರುವುದೇಕೆ ಎಂದು ಆಶ್ಚರ್ಯಪಡುವವರು ಇದ್ದಾರೆ. ಅವರ ಕೋಷ್ಟಕ ತಪ್ಪಾಗಿರಬೇಕೆಂದೇನೂ ಇಲ್ಲ. ಕೋಷ್ಟಕದಲ್ಲಿ ಬರುವುದು ಒಂದು ವರ್ಷದ, ಅಥವಾ ಹಲವು ವರ್ಷಗಳ ಸರಾಸರಿಯ ಬೆಲೆ; ರೈತನು ಬದುಕುವುದು ಸರಾಸರಿಯಲ್ಲಲ್ಲ. ಶುಂಠಿಯನ್ನೇ ನೋಡಬಹುದು. ಒಂದು ವರ್ಷ ಚಿನ್ನದ ಬೆಲೆ, ಅದನ್ನು ಕಂಡು ಎಲ್ಲರೂ ನೆಟ್ಟ ಮರುವರ್ಷ ಮಣ್ಣಿನ ಬೆಲೆ, ನಡುವೆ ಕೊಳೆರೋಗ ಬಂದರೆ ಅದೂ ಇಲ್ಲ. ಹೊಗೆಸೊಪ್ಪಿನ ಬೆಲೆಯೂ ಏರಿಳಿಯುತ್ತದೆ. ಆದರೆ ಕೊಳ್ಳುವವರು ಬಂದೇ ಬರುತ್ತಾರೆಂಬುದು, ತೂಕ ಸರಿಯಾಗಿರುತ್ತದೆಂಬುದು, ಹಣ ಬ್ಯಾಂಕಿನ ಲೆಕ್ಕಕ್ಕೆ ಸೇರುತ್ತದೆಂಬುದು, ಪರವಾನಗಿಯ ಆಧಾರದ ಮೇಲೆ ಸಾಲ ಸಿಕ್ಕುತ್ತದೆಂಬುದು ಇವು ರೈತನು ತಲೆಕೆಡಿಸಿಕೊಳ್ಳಬೇಕಾದ ಪ್ರಶ್ನೆಗಳ ಸಂಖ್ಯೆಯನ್ನೇ ಕಡಮೆಮಾಡುತ್ತವೆ. ಮಳೆ ಕೈಕೊಡದಿದ್ದರೆ ಅದೇ ಹೊಲದಲ್ಲಿ ಹಿಂದೆಯೇ ರಾಗಿಯನ್ನೋ ಹುರುಳಿಯನ್ನೋ ತೆಗೆದುಕೊಳ್ಳಬಹುದು.

ಮನುಷ್ಯನ ವಿವೇಕವನ್ನು ಸೈಮನ್ ಕತ್ತರಿಗೆ ಹೋಲಿಸಿದರು. ಅದರ ಒಂದು ಅಲಗು ಅವನ ತಲೆಯ ಶಕ್ತಿ. ಇನ್ನೊಂದು ಅವನ ಸುತ್ತಲಿನ ಪರಿಸರದ ರಚನೆ. ಒಂದೇ ಅಲಗನ್ನು ನೋಡಿದವರಿಗೆ ಕತ್ತರಿ ಹೇಗೆ ಕತ್ತರಿಸುತ್ತದೆಂಬುದು ತಿಳಿಯದು. ರೈತನ ಮನಸ್ಸನ್ನು ಬದಲಾಯಿಸಲು ಭಾಷಣಗಳನ್ನು ಏರ್ಪಡಿಸುವ ಯೋಜನೆಗಳು ಮೊದಲ ಅಲಗನ್ನೇ ಮಸೆಯುತ್ತಿರುತ್ತವೆ. ಹರಾಜು ಮಾರುಕಟ್ಟೆಯಂಥ ಭರವಸೆ ರಾಗಿಗೋ ದ್ವಿದಳಧಾನ್ಯಗಳಿಗೋ ಕಂಪಲಾಪುರದಲ್ಲಿ ದೊರೆತರೆ, ಭಾಷಣವಿಲ್ಲದೆಯೂ ತೀರ್ಮಾನಗಳು ಬೇರೆಯಾಗುವ ಸಂಭವವಿದೆ.

ನಮ್ಮ ಸೀಮೆಯ ರೈತನ ತೀರ್ಮಾನಗಳನ್ನು ಈ ದೃಷ್ಟಿಗೆ ಹತ್ತಿರದಿಂದ ಅಧ್ಯಯನ ಮಾಡಿದವರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಪ್ರಮುಖರು. ವಿಯೆನ್ನಾದಲ್ಲಿ ಜನಿಸಿ, ನಾಜಿಗಳ ಕಾಲದಲ್ಲಿ ಇಂಗ್ಲೆಂಡಿಗೆ ಬಂದು, ಮ್ಯಾಂಚೆಸ್ಟರಿನಲ್ಲಿ ಅರ್ಥಶಾಸ್ತ್ರವನ್ನೂ ಮಾನವಶಾಸ್ತ್ರವನ್ನೂ ಕಲಿತ ಈಕೆ 1954ರಿಂದ 1956ರವರೆಗೆ ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿ ನೆಲಸಿದರು. 1962ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಆ ಹಳ್ಳಿಗಳಿಗೆ ವಾಂಗಲ, ದಳೇನ ಎಂದು ಮರೆಹೆಸರುಗಳನ್ನು ಕೊಟ್ಟಿದ್ದಾರೆ. ವಾಂಗಲಕ್ಕೆ ಕಾಲುವೆಯ ನೀರು ಬಂದಿತು. ಜನ ಕಬ್ಬು ಬೆಳೆದು 1933ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿಗೆ ಮಾರಿದರು. ದಳೇನ ಎತ್ತರದಲ್ಲಿದ್ದುದರಿಂದ ಅಲ್ಲಿಗೆ ನೀರು ಹತ್ತಲಿಲ್ಲ. ನೀರು ಬಂದ ಹಳ್ಳಿಯಲ್ಲಿ ಹಣ ಹೆಚ್ಚಿದರೂ ಕುಲಕಟ್ಟಳೆಗಳು ಬಹುಮಟ್ಟಿಗೆ ಹಾಗೆಯೇ ಉಳಿದವು. ನೀರು ಬಾರದ ಹಳ್ಳಿಯವರೇ ಮಂಡ್ಯದಲ್ಲಿ ನೌಕರಿ, ಹಿಟ್ಟಿನ ಗಿರಣಿ, ದನದ ವ್ಯಾಪಾರ, ಕಬ್ಬು ಸಾಗಿಸುವ ಗಾಡಿ ಎಂದು ಹೊಸ ದಾರಿಗಳನ್ನು ಹುಡುಕಿಕೊಂಡರು. ಅವರ ಸಾಮಾಜಿಕ ಜೀವನವೇ ಮಾರ್ಪಟ್ಟಿತು. ಎಪ್‌ಸ್ಟೈನ್ ಸೈಮನ್ನರ ಸಿದ್ಧಾಂತವನ್ನು ಪರೀಕ್ಷಿಸಲು ಹೋದವರಲ್ಲ. ಆದರೂ ಅವರ ಕಥನವನ್ನು ಆ ಕಣ್ಣಿನಿಂದ ಓದಬಹುದು. ಹಳೆಯ ದಾರಿಯಲ್ಲಿಯೇ ಮಟ್ಟ ಮುಟ್ಟಿದವರು ಹುಡುಕಲಿಲ್ಲ. ಮಟ್ಟ ಮುಟ್ಟದವರು ಹುಡುಕಿದರು.

ವಾಂಗಲದ ಇನ್ನೊಂದು ಸಂಗತಿ ನಮ್ಮಂಥ ಚರಿತ್ರೆಯ ವಿದ್ಯಾರ್ಥಿಗಳಿಗೆ ಹೆಚ್ಚು ಮುಖ್ಯ. ಅಲ್ಲಿ ಒಕ್ಕಲಿಗ ಯಜಮಾನರಿಗೂ ಅವರ ಹೊಲದಲ್ಲಿ ವಂಶಪಾರಂಪರ್ಯವಾಗಿ ದುಡಿಯುತ್ತಿದ್ದ ಕುಟುಂಬಗಳಿಗೂ ಸುಗ್ಗಿಯಲ್ಲಿ ಇಂತಿಷ್ಟು ಧಾನ್ಯ ಕೊಡುವ ಕಟ್ಟಳೆಯಿತ್ತು. ಬೆಳೆ ಹೆಚ್ಚಾದರೂ ಅಷ್ಟೇ, ಕಡಮೆಯಾದರೂ ಅಷ್ಟೇ. ದುಡಿಮೆಗೆ ತಕ್ಕ ಕೂಲಿಯಲ್ಲದ ಈ ಏರ್ಪಾಡು ಪಠ್ಯಪುಸ್ತಕದ ದೃಷ್ಟಿಯಲ್ಲಿ ಅವಿವೇಕ. ಆದರೆ ಕೆಟ್ಟ ವರ್ಷದಲ್ಲಿ ಎಲ್ಲರಿಗೂ ಹೊಟ್ಟೆಗೆ ಸಿಕ್ಕುವಂತೆಯೂ, ಒಳ್ಳೆಯ ವರ್ಷದಲ್ಲಿ ಮಿಕ್ಕುದು ಯಜಮಾನನಿಗೆ ಸೇರುವಂತೆಯೂ ಅದು ನಡೆಯುತ್ತಿತ್ತೆಂದು ಎಪ್‌ಸ್ಟೈನ್ 1967ರ ಒಂದು ಪ್ರಬಂಧದಲ್ಲಿ ತೋರಿಸಿದರು. ಬರ ಯಾವಾಗ ಬರುವುದೋ ತಿಳಿಯದ ಊರಿನಲ್ಲಿ ಸರಾಸರಿಗಿಂತ ತಳವನ್ನು ಕಾಪಾಡಿಕೊಳ್ಳುವುದು ಮುಖ್ಯವಾಗುತ್ತದೆ.

ಬರದ ನೆನಪು ನಮ್ಮ ಸೀಮೆಯಲ್ಲಿ ಬರಿಯ ಮಾತಲ್ಲ. 1871ರ ಜನಗಣತಿಯಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ನಡುವೆ ಬಂದುದು 1876-78ರ ಧಾತು ಈಶ್ವರದ ಬರ. ಹಗೇವುಗಳಲ್ಲಿ ರಾಗಿಯನ್ನು ವರ್ಷಗಟ್ಟಲೆ ಕೆಡದಂತೆ ತುಂಬಿಡುತ್ತಿದ್ದ ರೈತನನ್ನು, ಮಾರಿ ಲಾಭಪಡೆಯಲು ತಿಳಿಯದ ಸಂಪ್ರದಾಯಶರಣನೆಂದು ಬರೆಯುವುದು ಸುಲಭ. ನಾವೂ ಒಂದು ಕಾಲದಲ್ಲಿ ಹಾಗೆಯೇ ಪಾಠ ಹೇಳಿದ್ದೇವೆಂಬುದನ್ನು ಒಪ್ಪಿಕೊಳ್ಳಬೇಕು. ಚರಿತ್ರಕಾರನಿಗೆ ಬರ ಬಂದ ವರ್ಷವೂ ಹೋದ ವರ್ಷವೂ ಪುಸ್ತಕದ ಒಂದೇ ಪುಟದಲ್ಲಿ ಕಾಣುತ್ತವೆ. ರೈತನಿಗೆ ಮುಂದಿನ ಪುಟವಿರಲಿಲ್ಲ. ಆರ್ಥಿಕ ಮಾನವನ ಸರ್ವಜ್ಞತ್ವವನ್ನು ಸೈಮನ್ ಎಲ್ಲಿ ಹುಡುಕಿದರೂ ಕಾಣಲಿಲ್ಲ. ಅದು ಯಾರಲ್ಲಾದರೂ ಇದ್ದರೆ, ನಡೆದುಹೋದುದನ್ನು ಕುರಿತು ಬರೆಯುವ ನಮ್ಮಲ್ಲಿಯೇ ಇದೆ. ಅದರ ಬಲದಿಂದ ನಾವು ನೀಡುವ ತೀರ್ಪು ನ್ಯಾಯವೆ ಎಂಬುದು ಬೇರೆ ಮಾತು.

ಈ ವಿಷಯದಲ್ಲಿ ಭಾರತದಲ್ಲಿ ನಡೆದ ಎರಡು ಪ್ರಯೋಗಗಳನ್ನು ಸಂಕ್ಷೇಪವಾಗಿ ಹೇಳಬೇಕು. ಹ್ಯಾನ್ಸ್ ಬಿನ್ಸ್‌ವಾಂಗರ್ ಎಂಬ ಅರ್ಥಶಾಸ್ತ್ರಜ್ಞರು ಮಹಾರಾಷ್ಟ್ರ ಮತ್ತು ಅಂದಿನ ಆಂಧ್ರಪ್ರದೇಶದ ಒಣಭೂಮಿಯ ಹಳ್ಳಿಗಳಲ್ಲಿ ನಿಜವಾದ ಹಣವನ್ನೇ ಪಣವಾಗಿಟ್ಟು, ನಾಣ್ಯ ಚಿಮ್ಮಿ, ರೈತರು ಎಷ್ಟು ಅಪಾಯಕ್ಕೆ ಒಡ್ಡಿಕೊಳ್ಳುತ್ತಾರೆಂದು ಅಳೆದರು. ಪಣ ಹೆಚ್ಚಾದಾಗ ಬಡವರೂ ಸಿರಿವಂತರೂ ಹೆಚ್ಚುಕಡಮೆ ಒಂದೇ ಪ್ರಮಾಣದಲ್ಲಿ ಎಚ್ಚರಿಕೆ ವಹಿಸಿದರೆಂದು 1980ರಲ್ಲಿ ಅವರು ಪ್ರಕಟಿಸಿದರು. ಹಾಗಾದರೆ ಬಡವನು ಹೊಸ ಬೆಳೆಗೆ ಕೈಹಾಕದಿರುವುದು ಅವನ ಸ್ವಭಾವದಿಂದಲ್ಲ. ಸಾಲ ಮೊದಲಾದ ಅನುಕೂಲಗಳು ಅವನಿಗೆ ದೊರೆಯದಿರುವುದರಿಂದ. ಎರಡನೆಯದು 2013ರಲ್ಲಿ ಪ್ರಕಟವಾದುದು. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್ ಮೊದಲಾದವರು ತಮಿಳುನಾಡಿನ 464 ಮಂದಿ ಕಬ್ಬು ಬೆಳೆಗಾರರಿಗೆ ಕಟಾವಿಗೆ ಮುಂಚೆ ಒಂದು ಸಲ, ಹಣ ಬಂದ ಮೇಲೆ ಇನ್ನೊಂದು ಸಲ ಬುದ್ಧಿಯ ಪರೀಕ್ಷೆಗಳನ್ನು ಕೊಟ್ಟರು. ಕೈಯಲ್ಲಿ ಕಾಸಿಲ್ಲದಾಗ ಅದೇ ಮನುಷ್ಯನ ಅಂಕಗಳು ಕಡಮೆಯಾಗಿದ್ದವು. ಕೊರತೆಯ ಚಿಂತೆಯೇ ತಲೆಯ ಶಕ್ತಿಯ ಒಂದು ಪಾಲನ್ನು ಬಳಸಿಕೊಳ್ಳುತ್ತದೆಂಬುದು ಅವರ ವಾದ. ಅದರ ಲೆಕ್ಕದ ಕ್ರಮವನ್ನು ಪ್ರಶ್ನಿಸಿದ ವಿದ್ವಾಂಸರೂ ಉಂಟು. ಅದು ನಿಜವಾದರೆ ಸೈಮನ್ನರ ಎಲ್ಲೆ ಎಲ್ಲರಿಗೂ ಒಂದೇ ಕಡೆ ಇಲ್ಲ, ಸಾಲಗಾರನಿಗೆ ಇನ್ನೂ ಒಳಕ್ಕೆ ಸರಿದಿದೆ ಎಂದಾಗುತ್ತದೆ. ಸಂಕ್ರಾಂತಿಯ ಮಾತನ್ನಾಡಿದ ಯಜಮಾನರ ನಗು ಇಲ್ಲಿ ಮತ್ತೆ ನೆನಪಾಗುತ್ತದೆ.

ಸೈಮನ್ನರ ವಾದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಯಾರು ಏನು ಮಾಡಿದರೂ, ಅವನ ಮಟ್ಟ ಅಷ್ಟಿತ್ತು ಎಂದು ಆಮೇಲೆ ಹೇಳಿಬಿಡಬಹುದಲ್ಲ ಎಂಬುದು ಒಂದು. ಇದು ಬಲವಾದ ಆಕ್ಷೇಪವೇ. ಮಟ್ಟವನ್ನು ತೀರ್ಮಾನಕ್ಕೆ ಮುಂಚೆಯೇ, ಬೇರೆ ಗುರುತುಗಳಿಂದ ಕಂಡುಕೊಳ್ಳದಿದ್ದರೆ ಸಿದ್ಧಾಂತ ಬರಿಯ ಹೆಸರಾಗಿ ಉಳಿಯುತ್ತದೆ. ಇದಕ್ಕಿಂತ ನಮ್ಮನ್ನು ಹೆಚ್ಚು ಕಾಡುವುದು ಇನ್ನೊಂದು. ಸಿಕ್ಕದಿದ್ದಾಗ ಮಟ್ಟ ಇಳಿಯುತ್ತದೆ ಎಂದು ಸೈಮನ್ ಹೇಳಿದುದು ಮನಸ್ಸಿನ ಸ್ಥಿತಿಯನ್ನು ವಿವರಿಸುವುದಕ್ಕೆ. ಆದರೆ ತಲೆಮಾರುಗಳಿಂದ ಇಳಿದ ಮಟ್ಟವೇ ಒಬ್ಬನ ಸ್ವಭಾವವೆಂಬಂತೆ ಕಾಣಬಹುದು. ವಾಂಗಲದ ಹೊಲದಲ್ಲಿ ದುಡಿದವರು ಕಟ್ಟಳೆಯ ಧಾನ್ಯಕ್ಕೆ 'ಸಾಕು' ಎಂದರೆಂದು, ಅವರಿಗೆ ಅಷ್ಟೇ ಸಾಕಾಗಿತ್ತೆಂದು ಹೇಳಬಹುದೆ? ಬ್ಯಾರನ್ನಿನ ಬಳಿ ಸೊಪ್ಪು ಕಟ್ಟುವ ಹೆಂಗಸರಿಗೆ ಹರಾಜಿನಲ್ಲಿ ಬೇಲನ್ನು ಹಿಂದಕ್ಕೆ ಪಡೆಯುವ ಹಕ್ಕಿನಂಥ ಹಕ್ಕು ಕೂಲಿಯ ವಿಷಯದಲ್ಲಿ ಉಂಟೆ? 'ಒಲ್ಲೆ' ಎನ್ನಲು ಶಕ್ತಿಯಿರುವವನ ತೀರ್ಮಾನಗಳನ್ನು ಈ ಸಿದ್ಧಾಂತ ಚೆನ್ನಾಗಿ ವಿವರಿಸುತ್ತದೆ. ಆ ಶಕ್ತಿಯೇ ಇಲ್ಲದವನ ವಿಷಯದಲ್ಲಿ ಅದನ್ನು ಬಳಸುವಾಗ ವಿದ್ಯಾರ್ಥಿಗಳು ಎಚ್ಚರದಿಂದಿರಬೇಕು. ತಳಸಮುದಾಯಗಳ ಚರಿತ್ರೆಯನ್ನು ಬರೆಯುವವರು ಈಚಿನ ದಶಕಗಳಲ್ಲಿ ಕೇಳುತ್ತಿರುವ ಪ್ರಶ್ನೆಗಳು ಇಲ್ಲಿ ಅರ್ಥಶಾಸ್ತ್ರದ ನೆರವಿಗೆ ಬರಬಲ್ಲವು.

ನಾವು ಹೋಗಿದ್ದ ದಿನ ಹರಾಜು ಮುಗಿಯುವ ಹೊತ್ತಿಗೆ ಯಜಮಾನರ ಮೂರು ಬೇಲುಗಳಲ್ಲಿ ಎರಡು ಮಾರಾಟವಾಗಿದ್ದವು. ಮೂರನೆಯದನ್ನು ಅವರು ಗಾಡಿಗೆ ಹೇರಿಸುತ್ತಿದ್ದರು. ಅದಕ್ಕೆ ಬಿದ್ದ ಬೆಲೆ ನಿನ್ನೆಯದಕ್ಕಿಂತ ಎಷ್ಟು ಕಡಮೆಯೆಂದು ಕೇಳಿದ ವಿದ್ಯಾರ್ಥಿಗೆ, "ಎಂಟು" ಎಂದರು. ಐದಕ್ಕೂ ಹತ್ತಕ್ಕೂ ನಡುವಣ ಎಂಟಕ್ಕೆ ಅವರ ನಿಯಮದಲ್ಲಿ ಉತ್ತರವಿರಲಿಲ್ಲವಾದುದರಿಂದ ಒಂದು ಕ್ಷಣ ನಿಂತು ಯೋಚಿಸಿರಬೇಕು. "ಇನ್ನೂ ಕಾರ್ತಿಕ ಕಳೆದಿಲ್ಲವಲ್ಲ, ನೋಡುವಾ" ಎಂದು ಹಗ್ಗ ಬಿಗಿದರು.